ಗಲ್ಲಿಗೆ ಕುಲಾಂತರಿ ಸೊಳ್ಳೆ ಬಿಡುವ ಮುನ್ನ ನಮ್ಮನ್ನು ಕೇಳುತ್ತಾರಾ?

ಪ್ರಶ್ನೆ: ಡೆಂಗಿ ತಡೆಯೋಕೆ ಲ್ಯಾಬಿನಲ್ಲಿ ಜೀನ್ ಬದಲಾಯಿಸಿದ ಸೊಳ್ಳೆ ಬಿಡ್ತಾರಂತೆ. ನಾಳೆ ನಮ್ಮ ಏರಿಯಾದಲ್ಲೇ ಬಿಟ್ಟರೆ ನಮ್ಮ ಒಪ್ಪಿಗೆ ಬೇಡವಾ? (ಡೊಂಬಿವಲಿಯ ಓದುಗರು)

ಮಳೆ ಶುರುವಾಗಿ ಪಾಲಿಕೆಯ ಹೊಗೆ ಬಿಡುವವರು ಗಲ್ಲಿಗೆ ಬಂದರೆಂದರೆ ಈ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ನೇರ ಉತ್ತರ: ಬೇಡ. ಈಗಿರುವ ಕಾನೂನಿನಲ್ಲಿ ನಿಮ್ಮನ್ನು ಕೇಳಲೇಬೇಕೆಂಬ ನಿಯಮವಿಲ್ಲ. ನಿಮ್ಮ ಸೊಸೈಟಿಯ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಬೇಕಾದರೆ ಕನಿಷ್ಠ 51% ಸದಸ್ಯರ ಒಪ್ಪಿಗೆ ಬೇಕು. ಸೊಳ್ಳೆಗೆ ಒಂದು ಸಹಿಯೂ ಬೇಕಿಲ್ಲ.

ಹಾಗೆಂದು ಇವತ್ತೇ ಕಿಟಕಿಗೆ ಜಾಲರಿ ಹೊಡೆಸಲು ಓಡಬೇಡಿ. ಭಾರತದಲ್ಲಿ ಕುಲಾಂತರಿ ಸೊಳ್ಳೆಯನ್ನು ಬಯಲಿಗೆ ಬಿಟ್ಟಿಲ್ಲ. ನಮ್ಮ ಮಹಾರಾಷ್ಟ್ರದಲ್ಲೇ, ಜಾಲ್ನಾ ಜಿಲ್ಲೆಯ ದಾವಲವಾಡಿಯಲ್ಲಿ, ಆಕ್ಸಿಟೆಕ್ ಕಂಪನಿಯ ಸೊಳ್ಳೆಗಳ ಪರೀಕ್ಷೆ 2017ರ ಜನವರಿಯಲ್ಲಿ ಶುರುವಾಯಿತು. ಅದೂ ಹೊರಾಂಗಣದ ಪಂಜರದೊಳಗೆ. ಇನ್ನು ಪುದುಚೇರಿಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೇಂದ್ರದ ವೋಲ್ಬಾಕಿಯಾ ಸೊಳ್ಳೆಗಳ ಸುದ್ದಿ ನೋಡಿ ಕೆಲವರು ಹೆದರಿದ್ದಾರೆ. ಅವು ಕುಲಾಂತರಿಗಳಲ್ಲ, ಮೈಯಲ್ಲೊಂದು ಬ್ಯಾಕ್ಟೀರಿಯಾ ಸೇರಿಸಿದ ಸೊಳ್ಳೆಗಳು ಅಷ್ಟೆ.

ಜಾಲ್ನಾದ ಸೊಳ್ಳೆಯ ತಂತ್ರ ಇಷ್ಟು. ಬಿಡುವುದು ಗಂಡುಗಳನ್ನು; ಗಂಡು ಸೊಳ್ಳೆ ಕಚ್ಚುವುದಿಲ್ಲ. ಅದು ಊರಿನ ಹೆಣ್ಣು ಈಡಿಸ್ (ಡೆಂಗಿ ಹರಡುವ ಸೊಳ್ಳೆ) ಜೊತೆ ಕೂಡಿದರೆ ಹುಟ್ಟುವ ಮರಿಗಳು ಪ್ರಾಯಕ್ಕೆ ಬರುವ ಮೊದಲೇ ಸಾಯುತ್ತವೆ. ಆದರೆ ಮರಿ ಬೆಳೆಯುವ ನೀರಿನಲ್ಲಿ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಸಾಕಷ್ಟಿದ್ದರೆ ಅದು ಬದುಕಿಬಿಡುತ್ತದೆ. ಲ್ಯಾಬಿನಲ್ಲಿ ತಳಿ ಸಾಕುವುದೂ ಅದೇ ಔಷಧಿ ಕೊಟ್ಟು. ಔಷಧಿ ಇಲ್ಲದೆಯೂ ನೂರರಲ್ಲಿ ಮೂರ್ನಾಲ್ಕು ಉಳಿಯಬಹುದು.

ಜನರನ್ನು ಕೇಳಬೇಕು ಎಂದು ನಾನು ವಾದಿಸುವುದು ಇಲ್ಲಿಂದಲೇ. ಕೇಳುವುದು ಸೌಜನ್ಯಕ್ಕಲ್ಲ. ಬೆಳಗಿನ ಜಾವ ನಾಲ್ಕಕ್ಕೆ ನೀರು ಬರುವ ಚಾಳಿನಲ್ಲಿ ಎಷ್ಟು ಡ್ರಮ್ಮು ತೆರೆದಿರುತ್ತವೆ, ಆಂಟಿಬಯೋಟಿಕ್ ಸೇರಿರಬಹುದಾದ ಕೋಳಿ ಅಂಗಡಿಯ ಹಿಂದಿನ ಗಟಾರ ಎಲ್ಲಿ ಸೇರುತ್ತದೆ, ಯಾವ ನರ್ಸಿಂಗ್ ಹೋಮಿನ ಸೆಪ್ಟಿಕ್ ಟ್ಯಾಂಕ್ ಬಾಯಿ ಒಡೆದಿದೆ ಎಂಬುದು ಅನುಮತಿ ಕೊಡುವ ದೆಹಲಿಯ ಸಮಿತಿಯ ಕಡತದಲ್ಲಿ ಇರುವುದಿಲ್ಲ. ಅಲ್ಲಿ ವಾಸಿಸುವವರಿಗೆ ಗೊತ್ತಿರುತ್ತದೆ. ಅಪಾಯ ಎಷ್ಟು ಎಂದು ಲೆಕ್ಕ ಹಾಕಲು ಬೇಕಾದ ಅರ್ಧ ಮಾಹಿತಿ ಗಲ್ಲಿಯಲ್ಲೇ ಇದೆ.

ಕಾನೂನು ಏನನ್ನುತ್ತದೆ? 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ಬಂದ ಕುಲಾಂತರಿ ಜೀವಿಗಳ ನಿಯಮಗಳು ಬೆಳೆ, ಪ್ರಾಣಿ, ಸೂಕ್ಷ್ಮಾಣು ಎಲ್ಲಕ್ಕೂ ಅನ್ವಯಿಸುತ್ತವೆ. ಪರಿಸರಕ್ಕೆ ಬಿಡಲು ಅನುಮತಿ ಕೊಡುವುದು ಜಿಇಎಸಿ ಎಂಬ ಕೇಂದ್ರ ಸಮಿತಿ. ಗೋವಾದಲ್ಲಿ ಗಣಿ ತೆರೆಯಬೇಕಾದರೆ ತಿಂಗಳು ಮುಂಚೆ ಪ್ರಕಟಣೆ, ಸ್ಥಳೀಯ ಭಾಷೆಯಲ್ಲಿ ವರದಿಯ ಸಾರಾಂಶ, ಊರವರೆದುರು ಅಹವಾಲು ಸಭೆ, ಇವೆಲ್ಲ ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯಲ್ಲಿವೆ. 1989ರ ನಿಯಮಗಳಲ್ಲಿ ಅಂಥ ಸಭೆಯ ಮಾತೇ ಇಲ್ಲ. ಕುಲಾಂತರಿ ಜೀವಿಗಳ ಸುರಕ್ಷತೆ ಕುರಿತು 2003ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಾರ್ಟಜೀನಾ ಒಪ್ಪಂದಕ್ಕೆ ಭಾರತವೂ ಸದಸ್ಯ. ಅದರ 23ನೇ ವಿಧಿ ಜನರನ್ನು ಸಮಾಲೋಚಿಸಿ ಎನ್ನುತ್ತದೆ, ಆದರೆ "ತಮ್ಮ ತಮ್ಮ ಕಾನೂನಿಗೆ ಅನುಸಾರ" ಎಂಬ ಬಾಲ ಹಚ್ಚಿದೆ. ನಮ್ಮ ಕಾನೂನು ಮೌನವಾಗಿದ್ದರೆ ಕಥೆ ಮುಗಿಯಿತು.

"ಹಾಗಾದರೆ ಕುಲಾಂತರಿ ಬಿಟಿ ಬದನೆಗೆ ಸಭೆ ಆಗಿತ್ತಲ್ಲ?" ಎಂದು ಊರಿನ ಕಡೆಯವರು ಕೇಳಬಹುದು. ತಮ್ಮೂರಿನ ಬದನೆ ಮಟ್ಟುಗುಳ್ಳದ ಗತಿಯೇನು ಎಂದು ಉಡುಪಿಯವರು ಆಗ ಕಳವಳಪಟ್ಟಿದ್ದು ಮುಂಬಯಿಯ ತುಳುನಾಡಿನವರಿಗೆ ನೆನಪಿರಬೇಕು. 2009ರ ಅಕ್ಟೋಬರ್‌ನಲ್ಲಿ ಜಿಇಎಸಿ ಹಸಿರು ನಿಶಾನೆ ತೋರಿಸಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ 2010ರ ಜನವರಿ-ಫೆಬ್ರವರಿಯಲ್ಲಿ ಏಳು ನಗರಗಳಲ್ಲಿ ಸಭೆ ನಡೆಸಿ, ಸುಮಾರು 8,000 ಜನ ಸೇರಿದ ಮೇಲೆ ಫೆಬ್ರವರಿ 9ರಂದು ತಡೆ ಹಾಕಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ. ಮಹಾರಾಷ್ಟ್ರದ ಪಾಲಿಗೆ ಬಂದದ್ದು ನಾಗಪುರ. ಆದರೆ ಅದು ಸಚಿವರೊಬ್ಬರ ಮನಸ್ಸು, ಕಾನೂನಿನ ಕಟ್ಟಳೆಯಲ್ಲ. ಅದೂ ಸಮಿತಿ ಹೂಂ ಅಂದ ಮೇಲೆ ನಡೆದದ್ದು.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೇ ಉದಾಹರಣೆ ಇದೆ. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ದೆಹಲಿ ಸುತ್ತ ಸಂತಾನಹೀನ ಸೊಳ್ಳೆಗಳ ಪ್ರಯೋಗ ನಡೆಸಿದ್ದವು. ಇದು ಜೈವಿಕ ಯುದ್ಧದ ತಯಾರಿ ಎಂಬ ಗುಮಾನಿ ಹಬ್ಬಿತು, ಸಂಸತ್ತಿನ ಸಮಿತಿಯೂ ಪ್ರಶ್ನಿಸಿತು, 1975ರಲ್ಲಿ ಸೋನಿಪತ್‌ನಲ್ಲಿ ಸೊಳ್ಳೆ ಬಿಡುವ ಯೋಜನೆ ನಿಂತುಹೋಯಿತು. ವಿಜ್ಞಾನ ಸರಿಯಿತ್ತೋ ತಪ್ಪಿತ್ತೋ ಎಂಬ ಚರ್ಚೆಗೆ ಜಾಗವೇ ಉಳಿಯಲಿಲ್ಲ.

ಕೇಳಿದರೂ ತಕರಾರು ತಪ್ಪುವುದಿಲ್ಲ, ಅದು ಬೇರೆ. ಅಮೆರಿಕದ ಫ್ಲಾರಿಡಾ ಕೀಸ್‌ನಲ್ಲಿ 2016ರ ನವೆಂಬರ್‌ನಲ್ಲಿ ಮತ ಹಾಕಿಸಿದರು. ಇಡೀ ಕೌಂಟಿಯಲ್ಲಿ ಸುಮಾರು 58% ಜನ ಸೊಳ್ಳೆ ಬಿಡಿ ಎಂದರು. ಬಿಡಬೇಕೆಂದಿದ್ದ ಕೀ ಹೇವನ್ ಬಡಾವಣೆಯಲ್ಲಿ ಸುಮಾರು 65% ಜನ ಬೇಡವೆಂದರು. ಯಾರ ಮಾತು ನಡೆಯಬೇಕು? ಈಡಿಸ್ ತಾನಾಗಿ ಹಾರುವುದು ಕೆಲವು ನೂರು ಮೀಟರ್ ಮಾತ್ರ, ಹಾಗಾಗಿ ಕೀ ಹೇವನ್‌ನವರದ್ದೇ ಎನ್ನಬಹುದು. ಡೆಂಗಿ ಮಾತ್ರ ಬಡಾವಣೆಯ ಗಡಿ ನೋಡಿ ಬರುವುದಿಲ್ಲ. ಕೊನೆಗೆ 2021ರಲ್ಲಿ ಬೇರೆ ದ್ವೀಪಗಳಲ್ಲಿ ಬಿಟ್ಟರು. ನನಗಂತೂ ಸೊಳ್ಳೆ ಹಾರುವಷ್ಟು ದೂರದವರ ಮಾತಿಗೆ ಹೆಚ್ಚು ತೂಕ ಇರಬೇಕು ಅನ್ನಿಸುತ್ತದೆ.

ನಮ್ಮಲ್ಲಿ ಈಚೆಗೆ ಸ್ವಲ್ಪ ಅಲುಗಾಟ ಇದೆ. ಕುಲಾಂತರಿ ಸಾಸಿವೆ ಪ್ರಕರಣದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಅನುಮತಿಯ ವಿಷಯದಲ್ಲಿ ಭಿನ್ನ ತೀರ್ಪು ಕೊಟ್ಟರೂ, ಸಂಬಂಧಪಟ್ಟವರನ್ನೆಲ್ಲ ಕೇಳಿ ರಾಷ್ಟ್ರೀಯ ನೀತಿ ಮಾಡಿ ಎಂಬುದರಲ್ಲಿ ಒಮ್ಮತವಿತ್ತು. ಅದೇ ಡಿಸೆಂಬರ್ 31ರಂದು 1989ರ ನಿಯಮಗಳ ತಿದ್ದುಪಡಿಯ ಕರಡು ಬಂತು: ಸಮಿತಿಯ ತಜ್ಞರು ತಮ್ಮ ಹಿತಾಸಕ್ತಿ ಬಹಿರಂಗಪಡಿಸಬೇಕು ಎಂದು. ಆಕ್ಷೇಪಣೆಗೆ 60 ದಿನ. ಕೇಂದ್ರದ ಗೆಜೆಟ್ ಹಿಂದಿ, ಇಂಗ್ಲಿಷಿನಲ್ಲಿ ಬರುವುದರಿಂದ ಅದರಲ್ಲಿ ಎಷ್ಟು ದಿನ ಭಾಷಾಂತರಕ್ಕೇ ಹೋಗುತ್ತದೋ! 2020ರಲ್ಲಿ ಪರಿಸರ ಪರಿಣಾಮದ ಕರಡನ್ನು 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟೇ ಹೇಳಬೇಕಾಯಿತು.

ನೀವು ಈಗಲೇ ಮಾಡಬಹುದಾದ ಕೆಲಸ ಒಂದಿದೆ. 1989ರ ನಿಯಮಗಳ ಪ್ರಕಾರ, ಅಗತ್ಯವಿರುವೆಡೆ ಕಲೆಕ್ಟರ್ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿ ಇರಬೇಕು. ಸ್ಥಳಕ್ಕೆ ಹೋಗಿ ತಪಾಸಣೆ ಮಾಡುವುದು ಅದರ ಹೊಣೆ. ಡೊಂಬಿವಲಿ ಠಾಣೆ ಜಿಲ್ಲೆಗೆ ಸೇರಿದ್ದು. ಹಾಗಾಗಿ ಠಾಣೆ ಕಲೆಕ್ಟರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಈ ಸಮಿತಿ ರಚನೆಯಾಗಿದೆಯೇ, ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು, ಇಷ್ಟೇ ಕೇಳಿ. ಮರಾಠಿಯಲ್ಲಿ ಬರೆಯಿರಿ, ಪಕ್ಕದ ಮನೆಯ ಕಾಕಾ ತಿದ್ದಿಕೊಡುತ್ತಾರೆ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಹಚ್ಚಿದರೆ ಸಾಕು, 30 ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರವನ್ನು ನನಗೂ ಕಳಿಸಿ.