ಏದುಸಿರಿನವರ ಬಳಿಗೆ ಹೋಗುವ ಮುನ್ನ

ದಮ್ಮು ಕಟ್ಟಿದ ರೋಗಿಯನ್ನು ಆಂಬುಲೆನ್ಸ್‌ನಿಂದ ಇಳಿಸುವಾಗ ತುರ್ತು ವಿಭಾಗದ ಹೊಸಬರಿಗೆ ನಾನು ಹೇಳುವ ಮೊದಲ ಮಾತು, ಅವರನ್ನು ಮಲಗಿಸಬೇಡಿ ಎಂಬುದು. ಸ್ಟ್ರೆಚರಿನ ಅಂಚನ್ನು ಎರಡೂ ಕೈಗಳಿಂದ ಹಿಡಿದು, ಮುಂದಕ್ಕೆ ಬಾಗಿ, ಹೆಗಲೆತ್ತಿ ಕೂತಿರುವ ಹಿರಿಯರು ತಮಗೆ ಹಿತವಾದ ಭಂಗಿಯನ್ನು ತಾವೇ ಕಂಡುಕೊಂಡಿರುತ್ತಾರೆ. ಉಬ್ಬಸದವರ ಎದೆಯ ಸುಯ್ಗುಡುವ ಸದ್ದು ಅಡಗಿ ಮಂಪರು ಕವಿದರೆ ಮನೆಯವರು ನಿದ್ದೆ ಬಂತೆಂದು ಸಮಾಧಾನಪಡುತ್ತಾರೆ. ಉಸಿರೇ ಸೋಲುತ್ತಿದೆ ಎಂದು ನಮಗೆ ಕೈಕಾಲು ತಣ್ಣಗಾಗುವುದು ಆಗಲೇ.

ರಕ್ತದಲ್ಲಿನ ಆಕ್ಸಿಜನ್ ಪ್ರಮಾಣವನ್ನು ಹೆಚ್ಚಿನವರಲ್ಲಿ ಶೇ. 94ರಿಂದ 98ರ ನಡುವೆ ಇಟ್ಟರೆ ಸಾಕು. ವರ್ಷಗಟ್ಟಲೆ ಬೀಡಿ ಸೇದಿಯೋ ಸೌದೆ ಒಲೆಯ ಹೊಗೆ ಕುಡಿದೋ ಸಿಒಪಿಡಿ (ಉಸಿರುನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂಟಿಸಿಕೊಂಡವರಿಗೆ ಸಾಮಾನ್ಯವಾಗಿ 88ರಿಂದ 92ರ ಗುರಿ ಇರುತ್ತದೆ. ಅದನ್ನು ಮೀರಿ ಧಾರಾಳವಾಗಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು.

ಇದೆಲ್ಲ ರೋಗಿಯ ಮುಖದಿಂದ ಒಂದು ಗೇಣು ದೂರದಲ್ಲಿ ನಡೆಯುವ ಕೆಲಸ. ಎರಡು ವಾರ ದಾಟಿದ ಕೆಮ್ಮಿದ್ದರೆ ಕ್ಷಯವನ್ನು ಶಂಕಿಸಿ, ಎನ್95 ಮಾಸ್ಕ್ ಹಾಕಿಕೊಂಡೇ ಹತ್ತಿರ ಹೋಗಬೇಕು. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಬೆರಳುಗಳಿಂದ ಒತ್ತಿ, ಜೋರಾಗಿ ಉಸಿರುಬಿಟ್ಟು ಅಂಚಿನಲ್ಲಿ ಗಾಳಿ ಸೋರುತ್ತದೆಯೇ ಎಂದು ನೋಡಲು ಹತ್ತು ಸೆಕೆಂಡು ಸಾಕು. ಗಡ್ಡ ಬಿಟ್ಟವರಿಗೆ ಅದು ಮುಖಕ್ಕೆ ಕೂರುವುದಿಲ್ಲ (ಈ ಮಾತಿಗೆ ನಮ್ಮ ಹುಡುಗರ ಮುನಿಸು ಇದ್ದದ್ದೇ).

ಆದರೆ ಎಲ್ಲ ಏದುಸಿರಿಗೂ ಮಾಸ್ಕೇ ಉತ್ತರವಲ್ಲ. ಬಾಯಲ್ಲಿ ನೊರೆ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಮೈಯೆಲ್ಲ ಬೆವರು ಕಂಡರೆ ಅದು ಬಹುಪಾಲು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷ. ಇಲ್ಲಿ ಬೇಕಾದದ್ದು ನೈಟ್ರೈಲ್ ಗ್ಲೌಸು ಮತ್ತು ಏಪ್ರನ್. ಕಫ ಎಳೆದು ಉಸಿರುದಾರಿ ತೆರವು ಮಾಡಿ ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತಿರುವಾಗಲೇ ಇನ್ನೊಬ್ಬರು ಬಟ್ಟೆ ಬಿಚ್ಚಿ, ಮೈಯನ್ನು ಸೋಪುನೀರಿನಿಂದ ತೊಳೆಯಬೇಕು.

ಇನ್ನು ಮಲದ ಗುಂಡಿ, ಪಾಳುಬಾವಿಗಳ ವಿಷಯ. ಎನ್95 ಕಣಗಳನ್ನು ಸೋಸುತ್ತದೆಯೇ ಹೊರತು ಅಲ್ಲಿ ತುಂಬಿರಬಹುದಾದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ತಡೆಯುವುದಿಲ್ಲ, ಇಲ್ಲದ ಆಕ್ಸಿಜನ್ನನ್ನು ತಂದುಕೊಡುವುದೂ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯನ್ನು ನಂಬುವಂತಿಲ್ಲ, ಅನಿಲ ದಟ್ಟವಾದಾಗ ಮೂಗೇ ಅದನ್ನು ಗ್ರಹಿಸದಾಗುತ್ತದೆ. ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಸಾಯುವುದು ಹೀಗೆ. ಅಗ್ನಿಶಾಮಕ ದಳದವರು ಬೆನ್ನಿಗೆ ಕಟ್ಟಿಕೊಳ್ಳುವ, ಸಿಲಿಂಡರಿನಿಂದ ಗಾಳಿ ಒದಗಿಸುವ ಬಿಎ ಸೆಟ್ ಇಲ್ಲದೆ ಆಂಬುಲೆನ್ಸ್ ಸಿಬ್ಬಂದಿ ಅಲ್ಲಿಗೆ ಇಳಿಯಲೇಬಾರದು. 112ಕ್ಕೆ ಕರೆ ಮಾಡಿ, ಸುತ್ತಲಿನವರನ್ನು ದೂರ ಸರಿಸಿ, ಆಂಬು ಬ್ಯಾಗು (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮತ್ತು ಆಕ್ಸಿಜನ್ ಸಿದ್ಧವಿಟ್ಟುಕೊಂಡು ಮೇಲೆಯೇ ಕಾಯಬೇಕು.