ಹಿತ್ತಾಳೆಯ ಆ ಬಣ್ಣ ಕೊಳೆ ಅಲ್ಲ

ಕಳೆದ ತಿಂಗಳು ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೇ ಮನೆಯ ಹಾಲ್ ಕೆಲಸ ಹಿಡಿದಿದ್ದೆ. ಅಳತೆಗೆ ಹೋದ ದಿನ ಅಟ್ಟದ ಮೇಲೆ ಒಂದು ಜೋಡಿ ಹಿತ್ತಾಳೆ ಮೇಣದಬತ್ತಿ ಸ್ಟ್ಯಾಂಡ್ ಸಿಕ್ಕಿದ್ದವು. ಗೇಣುದ್ದ ಇರಬೇಕು. ಮೈಯೆಲ್ಲ ಜೇನಿನ ಬಣ್ಣ, ಸಂದಿಗಳಲ್ಲಿ ಕಪ್ಪು. ತಳದಲ್ಲಿ ಮನೆಯ ಅಜ್ಜಿಯ ಹೆಸರು. ನಮ್ಮ ಕಡೆ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಾರಲ್ಲ, ಹಾಗೆ.

ಮುಂದಿನ ವಾರ ಹೋದಾಗ ಮನೆಯವರು ಒಂದನ್ನು ಖುಷಿಯಿಂದ ತಂದಿಟ್ಟರು. “ಬಫಿಂಗ್ ಮಾಡಿಸೀನಿ ನೋಡ್ರಿ ಸರ, ಬಂಗಾರದಂಗ ಹೊಳೀತದ!”

ಬಫಿಂಗ್ ಅಂದರೆ ತಿರುಗುವ ಚಕ್ರಕ್ಕೆ ಒತ್ತಿ ಹೊಳಪು ಬರಿಸುವುದು. ತಳ ತಿರುಗಿಸಿ ನೋಡಿದೆ. ಅಜ್ಜಿಯ ಹೆಸರಿನಲ್ಲಿ ಕೊನೆಯ ಎರಡು ಅಕ್ಷರ ಉಳಿದಿದ್ದವು. “ಇನ್ನೊಂದು ಎಲ್ಲಿ ಅಕ್ಕಾರ?” ಅಂದೆ. ಅಂಗಡಿಯಲ್ಲೇ ಇದೆ ಅಂದರು. ಅಲ್ಲೇ ನಿಂತು ಫೋನ್ ಮಾಡಿಸಿದೆ.

ಇದನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಮತ್ತೆ ಹೇಳುತ್ತೇನೆ. ಕೊಳೆ ಬೇರೆ, ಬಣ್ಣ ಬೇರೆ. ಎಣ್ಣೆ ಜಿಡ್ಡು, ಧೂಳು, ಹಳೇ ಮೇಣ ಇವು ಕೊಳೆ. ಅದನ್ನು ತೆಗೆಯಿರಿ. ಆ ಜೇನಿನ ಬಣ್ಣ ಮಾತ್ರ ಹೊರಗಿನಿಂದ ಬಂದು ಕೂತಿದ್ದಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಗಾಳಿ ತಾಗಿ ತಾಗಿ ಅದರ ಮೈಯೇ ನಿಧಾನಕ್ಕೆ ಹಾಗೆ ಮಾಗುತ್ತದೆ. ಬಫಿಂಗ್ ಚಕ್ರ ಆ ಬಣ್ಣವನ್ನಷ್ಟೇ ಒರೆಸುವುದಿಲ್ಲ, ಲೋಹವನ್ನೇ ತೇಯುತ್ತದೆ. ಅಂಚು ಮೊಂಡಾಗುತ್ತದೆ, ಗೆರೆ ಅಳಿಯುತ್ತದೆ. ಹೊಳಪು ಬೇಕಿದ್ದರೆ ಆರು ತಿಂಗಳು ಬಿಟ್ಟು ಬೇಕಾದರೂ ಮಾಡಿಸಬಹುದು. ಹೋದ ಬಣ್ಣ ಮತ್ತೆ ಬರಲು ನಿಮ್ಮ ಮಗಳ ಕಾಲ ಬರಬೇಕು.

ಹುಣಸೆಹಣ್ಣಾದರೆ ಪರವಾಗಿಲ್ಲ ಅಲ್ವಾ ಅಂತ ಕೇಳುತ್ತಾರೆ. ದಿನಾ ತಿಕ್ಕುವ ತಂಬಿಗೆಗೆ ಸರಿ. ಹಳೇ ವಸ್ತುವನ್ನು ಹುಳಿಯಲ್ಲಿ ನೆನೆಸಿಟ್ಟರೆ ಮೇಲ್ಮೈಯ ಸತು ಕರಗಿ, ಅಲ್ಲಲ್ಲಿ ತಾಮ್ರದ ಗುಲಾಬಿ ಮಚ್ಚೆ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಇಟ್ಟಿದ್ದು ಕುದುರೆ ಲಾಯದಲ್ಲಿ. ಕುದುರೆ ಮೂತ್ರದ ಅಮೋನಿಯಾವೇ ಕಾರಣ ಅಂತ ಗೊತ್ತಾಗಿದ್ದು 1921ರಲ್ಲಿ.

ಹಾಗಾದರೆ ಏನು ಮಾಡಬೇಕು? ಬಿಸಿನೀರು, ಮೆತ್ತಗಿನ ಬಟ್ಟೆ, ನಾಲ್ಕು ಹನಿ ಪಾತ್ರೆ ಸೋಪು. ಆಮೇಲೆ ಪೂರ್ತಿ ಒಣಗಿಸಿ. ಮೇಣವನ್ನು ಚಾಕುವಿನಿಂದ ಕೆರೆಯಬೇಡಿ. ಸಾಮಾನ್ಯ ಮೇಣ 60 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಬಿಸಿನೀರೇ ಸಾಕು. ಹಸಿರು ಪುಡಿ ಏಳುತ್ತಿದ್ದರೆ ವಿಷಯ ಬೇರೆ, ಅದು ಲೋಹ ತಿನ್ನುವ ರೋಗ ಇರಬಹುದು. ಅಂಥದ್ದನ್ನು ನೋಡದೆ ನಾನು ಏನೂ ಹೇಳಲಾರೆ. ತಳದಲ್ಲಿ ಇಂಗ್ಲಿಷಿನಲ್ಲಿ ಇ.ಪಿ.ಎನ್.ಎಸ್. (EPNS) ಅಂತ ಒತ್ತಿದ್ದರೆ ಅದು ಬೆಳ್ಳಿ ಅಲ್ಲ, ಬೆಳ್ಳಿಯ ತೆಳು ಲೇಪ. ಜಾಸ್ತಿ ತಿಕ್ಕಿದರೆ ಲೇಪವೇ ಹೋಗುತ್ತದೆ.

ಇಂಥ ಸ್ಟ್ಯಾಂಡುಗಳು ನಮ್ಮ ಊರುಗಳಲ್ಲಿ ಸಿಗುವುದು ಆಶ್ಚರ್ಯವೇನಲ್ಲ. ಬಾಸೆಲ್ ಮಿಷನ್ನಿನ ಯುರೋಪಿಯನ್ ಪಾದ್ರಿಗಳು ಧಾರವಾಡಕ್ಕೆ ಬಂದಿದ್ದು 1837ರಲ್ಲಿ. ಆಮೇಲೆ ಹುಬ್ಬಳ್ಳಿಗೆ ರೈಲು ಬಂತು, ರೈಲಿನ ಸಾಹೇಬರು ಬಂದರು. ಅವರ ಸಾಮಾನು ಹರಾಜಿನಲ್ಲೋ ಕಾಣಿಕೆಯಾಗಿಯೋ ನಮ್ಮ ಮನೆಗಳಿಗೆ ಬಂದಿರಬಹುದು. ನಿಮ್ಮದು ಹಾಗೇ ಬಂತು ಅಂತ ಮಾತ್ರ ನಾನು ಹೇಳುವುದಿಲ್ಲ. ಒಂದು ಸಣ್ಣ ಪರೀಕ್ಷೆ ಇದೆ. ಕಂಬದ ಮೇಲೆ ಬಾಯಿಂದ ಆವಿ ಊದಿ ನೋಡಿ. ಉದ್ದಕ್ಕೂ ಸಣ್ಣ ಬೆಸುಗೆ ಗೆರೆ ಕಂಡರೆ ಎರಡು ಹೋಳು ಎರಕ ಹೊಯ್ದು ಕೂಡಿಸಿದ್ದು. 18ನೇ ಶತಮಾನದ ಇಂಗ್ಲಿಷ್ ಸ್ಟ್ಯಾಂಡುಗಳನ್ನು ಹಾಗೆ ಮಾಡುತ್ತಿದ್ದರು. ಇದೊಂದರಿಂದಲೇ ವಯಸ್ಸು ತೀರ್ಮಾನ ಮಾಡಬೇಡಿ.

ಹೊಸದರ ಜೊತೆ ಇಡುವುದಕ್ಕೂ ಈ ಬಣ್ಣವೇ ಆಧಾರ. ಕಪ್ಪು ಕಬ್ಬಿಣದ ಸಪೂರ ಸ್ಟ್ಯಾಂಡ್ ಅಥವಾ ಸಾದಾ ಗಾಜಿನದು ಪಕ್ಕದಲ್ಲಿದ್ದರೆ ಹಳೇ ಹಿತ್ತಾಳೆ ಎದ್ದು ಕಾಣುತ್ತದೆ. ಬಫಿಂಗ್ ಆದದ್ದು ಹೊಸದರ ಪಕ್ಕ ಹೊಸದರಂತೆಯೇ ಕಾಣುತ್ತದೆ. ಎತ್ತರ ಬೇರೆ ಬೇರೆ ಇರಲಿ. ಮೂರು ಸಾಕು. ಪರದೆಯಿಂದ ದೂರ ಇಡಿ.

ಮಾಳಮಡ್ಡಿಯಲ್ಲಿ ಎರಡನ್ನೂ ಗೋಡೆಯ ಒಂದೇ ಗೂಡಿನಲ್ಲಿ ಇಟ್ಟಿದ್ದೇವೆ. ಹೊಳೆಯುವುದು ಹಿಂದೆ, ಉಳಿದದ್ದು ಮುಂದೆ. ಅಕ್ಕಾರು ಅದರ ತಳ ತಿರುಗಿಸಿ, ಆ ಅಜ್ಜಿಯ, ಅಂದರೆ ತಮ್ಮ ಅತ್ತೆಯ ಹೆಸರಿನ ಚುಕ್ಕಿಗಳ ಮೇಲೆ ಬೆರಳಾಡಿಸಿ, ಆಮೇಲೆ ಇಟ್ಟರು.