ದೊಡ್ಡ ಟೈಲ್ ಗ್ರಿಡ್ ಮಾಡುವಾಗ ಚೌಕಕ್ಕೊಂದು ಬಟನ್ ಬೇಡ

ಜಾವಾದಲ್ಲಿ ವಿಂಡೋ, ಬಟನ್ ಮಾಡುವ ಲೈಬ್ರರಿಯಾದ ಸ್ವಿಂಗ್ ಕಲಿಯುವವರಲ್ಲಿ ಬಹಳ ಜನ ಮೈನ್‌ಸ್ವೀಪರ್ ಮಾಡಿಯೇ ಇರುತ್ತಾರೆ. ಗ್ರಿಡ್‌ಲೇಔಟ್ ಹಾಕಿ, ಎರಡು ಫಾರ್ ಲೂಪ್ ಬರೆದು, ಚೌಕಕ್ಕೊಂದು ಜೆಬಟನ್ (ಸ್ವಿಂಗ್‌ನ ಬಟನ್) ಸೇರಿಸಿದರೆ ಅರ್ಧ ಆಟ ಮುಗಿಯಿತು. ವಿಂಡೋಸ್‌ನ ಹಳೆಯ ಮೈನ್‌ಸ್ವೀಪರ್‌ನಲ್ಲಿ ಎಕ್ಸ್‌ಪರ್ಟ್ ಹಂತ ಅಂದ್ರೆ 30ಕ್ಕೆ 16, ಒಟ್ಟು 480 ಚೌಕ. ಅಷ್ಟಕ್ಕೆ ಬಟನ್ ಧಾರಾಳವಾಗಿ ಸಾಕು. ಅದೇ ದಾರಿಯಲ್ಲಿ ದೊಡ್ಡ ಮ್ಯಾಪ್ ಮಾಡಲು ಹೊರಟಾಗಲೇ ತೊಂದರೆ.

ಆಟದ ಮ್ಯಾಪ್ ಬಿಡಿಸುವ ಎಡಿಟರ್ ಒಂದನ್ನು ನಾನು ಹೀಗೇ ಶುರು ಮಾಡಿದ್ದೆ. 200ಕ್ಕೆ 200 ಅಂತ ಕೊಟ್ಟೆ, 40,000 ಬಟನ್ ಆಯಿತು. ವಿಂಡೋ ತೆರೆಯಲು ಕಾಯಬೇಕು, ಸ್ಕ್ರಾಲ್ ಮಾಡಿದರೆ ತಡೆತಡೆದು ಹೋಗುತ್ತದೆ. ಕಂಪ್ಯೂಟರ್ ಹಳೆಯದು ಅಂದುಕೊಂಡೆ, ಆದರೆ ಕಾರಣ ಬೇರೆ. ಜೆಬಟನ್ ಬರೀ ಚೌಕವಲ್ಲ: ಅದಕ್ಕೆ ತನ್ನದೇ ಮಾಡೆಲ್, ಬಾರ್ಡರ್, ಲಿಸನರ್‌ಗಳ (ಕ್ಲಿಕ್‌ನಂಥ ಸುದ್ದಿಗೆ ಕಾಯುವ ಕೋಡ್) ಪಟ್ಟಿ, ಅಳತೆ, ಫೋಕಸ್ ಎಲ್ಲ ಇದೆ, ಮತ್ತು ಲೇಔಟ್ ಮಾಡುವಾಗ ಸ್ವಿಂಗ್ ಪ್ರತಿಯೊಂದನ್ನೂ ಕೇಳಿ ಅಳತೆ ತೆಗೆದುಕೊಳ್ಳುತ್ತದೆ. ಕ್ಲಿಕ್ ಯಾರ ಮೇಲೆ ಬಿತ್ತು ಅಂತ ನೋಡಲು ಕೂಡ ಒಳಗೆ ಸೇರಿಸಿದ ಬಟನ್‌ಗಳ ಪಟ್ಟಿಯನ್ನು ಒಂದೊಂದಾಗಿ ತಡಕುತ್ತದೆ.

ಹಾಗಾಗಿ ಟೈಲ್ ಅನ್ನು, ಅಂದರೆ ಮ್ಯಾಪ್‌ನ ಒಂದು ಚೌಕವನ್ನು, ಬಟನ್‌ನಂಥ ಕಾಂಪೊನೆಂಟ್ ಅಂತ ನೋಡುವುದನ್ನೇ ಬಿಡಬೇಕು. ಟೈಲ್ ಅಂದ್ರೆ ಅರೇಯಲ್ಲಿ ಕೂತ ಒಂದು ಸಂಖ್ಯೆ. 0 ಹುಲ್ಲು, 1 ನೀರು, 2 ಕಲ್ಲು, ಅಷ್ಟೇ. 1000ಕ್ಕೆ 1000 ಗ್ರಿಡ್ ಅಂದ್ರೆ 10 ಲಕ್ಷ ಚೌಕ. ಬೈಟ್ ಅರೇಯಲ್ಲಿಟ್ಟರೆ ಸುಮಾರು 1 ಎಂಬಿ. ಇಷ್ಟನ್ನೂ ತೋರಿಸಲು ಒಂದೇ ಒಂದು ಜೆಪ್ಯಾನೆಲ್ (ನಾವೇ ಚಿತ್ರ ಬಿಡಿಸಬಹುದಾದ ಖಾಲಿ ಹಲಗೆ) ಸಾಕು.

ಆಗ ಕ್ಲಿಕ್ ಎಲ್ಲಿ ಬಿತ್ತು ಅಂತ ಗೊತ್ತಾಗುವುದು ಹೇಗೆ? ಭಾಗಾಕಾರ ಮಾಡಿ. ಟೈಲ್ 32 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಮೌಸ್ ಎಕ್ಸ್ 407, ವೈ 150 ಅಂತ ಹೇಳಿತು. 407ನ್ನು 32ರಿಂದ ಭಾಗಿಸಿದರೆ 12, ಶೇಷ 23. 150ನ್ನು ಭಾಗಿಸಿದರೆ 4, ಶೇಷ 22. ಸೊನ್ನೆಯಿಂದ ಎಣಿಸಿದರೆ ಕಂಬಸಾಲು 12, ಅಡ್ಡಸಾಲು 4. ಶೇಷವೂ ಸುಮ್ನೆ ಅಲ್ಲ, ಚೌಕದೊಳಗೆ ಎಲ್ಲಿ ಒತ್ತಿದ್ದು ಅಂತ ಅದು ಹೇಳುತ್ತದೆ. ಗ್ರಿಡ್ ಎಷ್ಟೇ ದೊಡ್ಡದಾದರೂ ಕೆಲಸ ಎರಡೇ ಭಾಗಾಕಾರ. ನನಗಂತೂ ಈ ಇಡೀ ವಿಷಯದಲ್ಲಿ ಇದೇ ತುಂಬಾ ಇಷ್ಟ. ಪ್ಯಾನೆಲ್ ಸ್ಕ್ರಾಲ್‌ಪೇನ್ (ಸ್ಕ್ರಾಲ್ ಬಾರ್ ಕೊಡುವ ಚೌಕಟ್ಟು) ಒಳಗಿದ್ದು ಲಿಸನರ್ ಪ್ಯಾನೆಲ್ ಮೇಲೆಯೇ ಇದ್ದರೆ, ಎಷ್ಟು ಸ್ಕ್ರಾಲ್ ಆಗಿದೆ ಅನ್ನುವುದು ಆ ಎಕ್ಸ್, ವೈ ಲೆಕ್ಕದಲ್ಲಿ ಆಗಲೇ ಸೇರಿರುತ್ತದೆ. ನೀವು ಮತ್ತೆ ಕೂಡಿಸಲು ಹೋಗಬೇಡಿ.

ಇನ್ನು ಬಿಡಿಸುವುದು. ಪ್ಯಾನೆಲ್ ಬಿಡಿಸಲು ಸ್ವಿಂಗ್ ಕರೆಯುವ ಮೆಥಡ್ ಪೇಂಟ್‌ಕಾಂಪೊನೆಂಟ್. ಅದರೊಳಗೆ 10 ಲಕ್ಷ ಚೌಕಕ್ಕೂ ಲೂಪ್ ಹಾಕಿದರೆ ಮತ್ತೆ ಅದೇ ಗೋಳು. ಗೆಟ್‌ಕ್ಲಿಪ್‌ಬೌಂಡ್ಸ್ ಕೇಳಿ. ಈಗ ಯಾವ ಭಾಗ ಬಿಡಿಸಬೇಕು ಅಂತ ಅದು ಒಂದು ಆಯತ ಕೊಡುತ್ತದೆ. ಆಯತದ ಎಡ ಅಂಚನ್ನು 32ರಿಂದ ಭಾಗಿಸಿದರೆ ಮೊದಲ ಕಂಬಸಾಲು. ಎಡ ಅಂಚಿಗೆ ಅಗಲ ಕೂಡಿಸಿ, 1 ಕಳೆದು, ಭಾಗಿಸಿದರೆ ಕೊನೆಯದು. ಆ 1 ಕಳೆಯುವುದನ್ನು ಮರೆತರೆ ಆಗಾಗ ಒಂದು ಸಾಲು ಜಾಸ್ತಿ ಬರುತ್ತದೆ, ಗ್ರಿಡ್‌ನ ಅಂಚಿಗೆ ಬಂದಾಗ ಅರೇ ದಾಟಿ ಎಕ್ಸೆಪ್ಶನ್ ಬೀಳುತ್ತದೆ. 1920ಕ್ಕೆ 1080ರ ಪರದೆ ತುಂಬಿದರೂ ಕಾಣುವುದು ಹೆಚ್ಚೆಂದರೆ 61ಕ್ಕೆ 35, ಅಂದರೆ 2,135 ಚೌಕ. ಟೈಲ್ ಚಿತ್ರಗಳನ್ನು ಮಾತ್ರ ಶುರುವಿನಲ್ಲೇ ಓದಿಟ್ಟುಕೊಳ್ಳಿ, ಪೇಂಟ್‌ಕಾಂಪೊನೆಂಟ್ ಒಳಗೆ ಫೈಲ್ ಮುಟ್ಟಲೇಬಾರದು.

ಸ್ಕ್ರಾಲ್ ಬಾರ್ ಕಾಣಲಿಲ್ಲ ಅಂದ್ರೆ ಪ್ಯಾನೆಲ್‌ಗೆ ಎಷ್ಟು ಅಳತೆ ಬೇಕು ಅಂತ ಹೇಳುವ ಗೆಟ್‌ಪ್ರಿಫರ್ಡ್‌ಸೈಜ್ ಬರೆದಿಲ್ಲ ಅಂತ ಅರ್ಥ. 1000 ಚೌಕಕ್ಕೆ 32,000 ಪಿಕ್ಸೆಲ್ ಕೊಡಿ. ಮೌಸ್ ಚಕ್ರ ತಿರುಗಿಸಿದರೆ ಆಮೆಯ ಹಾಗೆ ಸರಿಯುತ್ತದಲ್ವಾ? ಸ್ಕ್ರಾಲ್ ಬಾರ್‌ನ ಯೂನಿಟ್ ಇನ್‌ಕ್ರಿಮೆಂಟ್ ಮೊದಲಿಗೆ 1 ಇರುತ್ತದೆ, 32 ಮಾಡಿ.

ಮೌಸ್ ಎಳೆದು ಬಣ್ಣ ತುಂಬುವಾಗ ಎರಡು ತೊಡಕುಗಳಿವೆ. ಒಂದು, ಬೇಗ ಎಳೆದರೆ ಮೌಸ್ ಪ್ರತಿ ಪಿಕ್ಸೆಲ್‌ಗೂ ಸುದ್ದಿ ಕೊಡುವುದಿಲ್ಲ. ಚೌಕ 3ರಲ್ಲಿ ಒಮ್ಮೆ, ಆಮೇಲೆ ಚೌಕ 9ರಲ್ಲಿ, ನಡುವೆ ಖಾಲಿ. ಹಿಂದಿನ ಚೌಕವನ್ನು ನೆನಪಿಟ್ಟುಕೊಂಡು ಅಲ್ಲಿಂದ ಇಲ್ಲಿಗೆ ಗೆರೆ ಎಳೆಯಬೇಕು. ಇದಕ್ಕೆ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಐಬಿಎಂನಲ್ಲಿದ್ದಾಗ ಪ್ಲಾಟರ್‌ಗಾಗಿ (ಕಾಗದದ ಮೇಲೆ ಗೆರೆ ಎಳೆಯುವ ಯಂತ್ರ) ಬರೆದ ಗೆರೆಯ ಆಲ್ಗರಿದಮ್ ಹೇಳಿ ಮಾಡಿಸಿದ ಹಾಗಿದೆ. ಪಿಕ್ಸೆಲ್ ಬದಲು ಚೌಕದ ಸಂಖ್ಯೆ ಕೊಟ್ಟರಾಯಿತು. ಇನ್ನೊಂದು, ಎಳೆಯುತ್ತಾ ಮೌಸ್ ಎಡಕ್ಕೆ ಪ್ಯಾನೆಲ್ ದಾಟಿದರೆ ಎಕ್ಸ್ ಮೈನಸ್ ಆಗುತ್ತದೆ. ಜಾವಾದಲ್ಲಿ ಮೈನಸ್ 5 ಭಾಗಿಸು 32 ಅಂದ್ರೆ 0! ಹೊರಗೆ ಬಿದ್ದದ್ದು ಮೊದಲ ಕಂಬಸಾಲಿಗೆ ಬಣ್ಣ ಹಚ್ಚುತ್ತದೆ. ಮ್ಯಾಥ್ ಕ್ಲಾಸಿನ ಫ್ಲೋರ್‌ಡಿವ್ ಬಳಸಿದರೆ ಮೈನಸ್ 1 ಬರುತ್ತದೆ, ಆಗ ಗ್ರಿಡ್ ಹೊರಗೆ ಅಂತ ತಿಳಿದು ಬಿಟ್ಟುಬಿಡಬಹುದು.

ಕೊನೆಗೆ ಹೋವರ್. ಮೌಸ್ ಇರುವ ಚೌಕಕ್ಕೆ ಹಳದಿ ಅಂಚು ಕೊಡಬೇಕಾದರೆ ಖಾಲಿ ರೀಪೇಂಟ್, ಅಂದರೆ ಯಾವ ಭಾಗ ಅಂತ ಹೇಳದೆ ಇಡೀ ಪ್ಯಾನೆಲ್ ಮತ್ತೆ ಬಿಡಿಸು ಅನ್ನುವುದು, ಕರೆಯಬೇಡಿ. ಬಿಟ್ಟ ಚೌಕ, ಹೊಕ್ಕ ಚೌಕ, ಎರಡಕ್ಕೂ ಎಕ್ಸ್, ವೈ, ಅಗಲ, ಎತ್ತರ ಕೊಟ್ಟು ಕರೆಯಿರಿ. ಸ್ವಿಂಗ್ ಇವೆರಡನ್ನೂ ಬೇರೆಬೇರೆ ಇಟ್ಟುಕೊಳ್ಳುವುದಿಲ್ಲ, ಎರಡನ್ನೂ ಒಳಗೊಳ್ಳುವ ಒಂದೇ ಆಯತ ಮಾಡಿಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಪೇಂಟ್‌ಕಾಂಪೊನೆಂಟ್ ಕೊನೆಯಲ್ಲಿ ಎಷ್ಟು ಚೌಕ ಬಿಡಿಸಿದಿರಿ ಅಂತ ಪ್ರಿಂಟ್ ಮಾಡಿ. ಪಕ್ಕದ ಚೌಕಕ್ಕೆ ಮೌಸ್ ಸರಿಸಿದರೆ 2 ಬರಬೇಕು, ಮೂಲೆಯಿಂದ ಮೂಲೆಗೆ ಓರೆಯಾಗಿ ದಾಟಿದರೆ 4. ಸಾವಿರಗಟ್ಟಲೆ ಬಂದರೆ ಎಲ್ಲೋ ಒಂದು ಖಾಲಿ ರೀಪೇಂಟ್ ಉಳಿದುಕೊಂಡಿದೆ, ಹುಡುಕಿ ತೆಗೆಯಿರಿ.